ಕಡುಗೆಂಪು ಗೋಡೆಯೂ ಮನೆಯ ದೀಪವೂ



ದಸರೆ ಕಳೆದು ದೀಪಾವಳಿ ಬರುವುದರೊಳಗೆ ಮನೆಗೆ ಸುಣ್ಣ ಬಣ್ಣ ಆಗಬೇಕು ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಉಳಿದಿದೆ. ಮಳೆ ಹಿಂದೆ ಸರಿದಿರುತ್ತದೆ, ಗೋಡೆ ಆರಿರುತ್ತದೆ, ಬಣ್ಣದವರು ಮಾತ್ರ ಕೈಗೆ ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಮನೆಯೊಳಗೆ ಒಂದು ಚರ್ಚೆ ಏಳುತ್ತದೆ. ಸೊಸೆ ಅಂಗಡಿಯಿಂದ ತಂದ ಬಣ್ಣದ ಪಟ್ಟಿ ಬಿಡಿಸಿ, "ಈ ಸಲ ಹಜಾರದ ಒಂದು ಗೋಡೆಗೆ ಕಡುಗೆಂಪು ಹೊಡೆಸೋಣ" ಅನ್ನುತ್ತಾಳೆ. ಅತ್ತೆ, "ಏನಮ್ಮಾ ಇದು, ಮನೇನಾ ಮಾರಿಗುಡಿ ಮಾಡ್ತೀಯಾ?" ಅನ್ನುತ್ತಾರೆ. ಮನೆಯ ಯಜಮಾನರು ಇಬ್ಬರ ಮುಖವನ್ನೂ ನೋಡಿ, "ಕ್ರೀಮ್ ಕಲರೇ ಇರಲಿ ಬಿಡಿ" ಎಂದು ಸಭೆ ಮುಗಿಸುತ್ತಾರೆ. ನಮ್ಮ ನಾಡಿನ ಅರ್ಧಕ್ಕರ್ಧ ಮನೆಗಳು ಕ್ರೀಮ್ ಬಣ್ಣದಲ್ಲಿರುವುದಕ್ಕೆ ಈ ರಾಜಿ ಪಂಚಾಯಿತಿಯೇ ಕಾರಣ ಎಂದು ನನಗೆ ಬಹಳ ದಿನದಿಂದ ಗುಮಾನಿ.

ಇವತ್ತು ನಾನು ಸೊಸೆಯ ಪರವಾಗಿ ವಕಾಲತ್ತು ಹಾಕುತ್ತಿದ್ದೇನೆ. ಆದರೆ ಅತ್ತೆಯ ಅನುಮಾನವೂ ಪೂರ್ತಿ ಸುಳ್ಳಲ್ಲ. ಎಷ್ಟೋ ಮನೆಗಳಲ್ಲಿ ಆಸೆಪಟ್ಟು ಹೊಡೆಸಿದ ಕೆಂಪು ಗೋಡೆ ಆರು ತಿಂಗಳಲ್ಲಿ ಮನೆಯವರಿಗೇ ಬೇಸರ ತರಿಸಿರುತ್ತದೆ. ಕತ್ತಲೆ ಅನ್ನಿಸುತ್ತದೆ, ಉಸಿರು ಕಟ್ಟಿದ ಹಾಗೆ ಅನ್ನಿಸುತ್ತದೆ ಎನ್ನುತ್ತಾರೆ. ಆಗ ಎಲ್ಲರೂ ಬಣ್ಣವನ್ನು ಬೈಯುತ್ತಾರೆ. ನಾನು ದೀಪವನ್ನು ಬೈಯುತ್ತೇನೆ. ಕಡುಗೆಂಪು ಗೋಡೆಯನ್ನು ಉಳಿಸುವುದೂ ಕೆಡಿಸುವುದೂ ಅದರ ಮೇಲೆ ಬೀಳುವ ಬೆಳಕು. ಇಷ್ಟನ್ನು ಹೇಳಲಿಕ್ಕೇ ನಾನು ಇಲ್ಲಿಗೆ ಬಂದದ್ದು.

ಮೊದಲು ಒಂದು ತಪ್ಪು ತಿಳಿವಳಿಕೆ ದೂರ ಮಾಡೋಣ. ಮನೆಯೊಳಗೆ ಕೆಂಪು ಎಂದರೆ ಅದು ಹೊರದೇಶದ ಪತ್ರಿಕೆಗಳಲ್ಲಿ ನೋಡಿ ಕಲಿತ ಶೋಕಿ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಮೈಸೂರು, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹುಟ್ಟಿ ಬೆಳೆದವರು ಕೆಂಪಿನ ಮೇಲೆಯೇ ಅಂಬೆಗಾಲಿಟ್ಟವರು. ಅಲ್ಲಿನ ಮನೆಗಳಲ್ಲಿ ಕೆಂಪು ಗಾರೆ ನೆಲ ಇರುತ್ತಿತ್ತು. ರೆಡ್ ಆಕ್ಸೈಡ್ ನೆಲ ಎಂದೇ ಈಗ ಎಲ್ಲರ ಬಾಯಲ್ಲಿ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಮೇಲ್ಪದರವಾಗಿ ಹಾಸಿ, ಅದು ಬಿಗಿಯುವ ಮೊದಲು ಕರಣೆಯಿಂದ ತಿಕ್ಕಿ ತಿಕ್ಕಿ ನಯ ಮಾಡಿ, ದಿನಗಟ್ಟಲೆ ನೀರು ನಿಲ್ಲಿಸಿ, ಆಮೇಲೆ ಎಣ್ಣೆಯೋ ಮೇಣವೋ ಹಚ್ಚಿ ಉಜ್ಜುತ್ತಿದ್ದರು. ಗಾರೆ ಕೆಲಸದವರು ಬಿಟ್ಟುಹೋದಾಗ ಅದು ಅರೆಬರೆ ನೆಲ. ಮನೆಯವರ ಬರಿಗಾಲು, ದಿನದಿನದ ಒದ್ದೆಬಟ್ಟೆ, ಇವು ವರ್ಷಗಟ್ಟಲೆ ತಿಕ್ಕಿದ ಮೇಲೆ ಬರುತ್ತಿದ್ದ ಹೊಳಪು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇಂಥ ನೆಲವನ್ನು ಒಡೆಸಿ ಬಿಳಿ ಟೈಲ್ಸ್ ಹಾಕಿಸಿದವರ ಮನೆಗೆ ಹೋದಾಗ ನಾನು ನೆಲ ನೋಡದೆ ಗೋಡೆ ನೋಡಿಕೊಂಡು ಮಾತಾಡುತ್ತೇನೆ.

ಮಲೆನಾಡಿಗೆ ಹೋಗಿ. ಸಾಗರ, ಸೊರಬ, ಹೊಸನಗರದ ಕಡೆ ದೀವರ ಮನೆಗಳ ಒಳಗೋಡೆಗೆ ಕೆಮ್ಮಣ್ಣು ಸಾರಿಸುವ ಪದ್ಧತಿ ಇದೆ. ಆ ಕೆಂಪಿನ ಮೇಲೆ ಹೆಂಗಸರು ಅಕ್ಕಿ ಅರೆದ ಬಿಳಿಯನ್ನು ಪುಂಡಿನಾರಿನ ಕುಂಚದಿಂದ ಎಳೆ ಎಳೆಯಾಗಿ ಎಳೆದು ಚಿತ್ತಾರ ಬರೆಯುತ್ತಾರೆ. ಕಪ್ಪಿಗೆ ಹುರಿದು ಕರಕಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಮದುವೆಯಲ್ಲಿ ವಧೂವರರು ಕೂರುವುದು ಈ ಹಸೆಗೋಡೆಯ ಮುಂದೆಯೇ. ಕರಾವಳಿಗೆ ಇಳಿದರೆ, ಉತ್ತರ ಕನ್ನಡದಿಂದ ಗೋವೆಯವರೆಗೆ ಕಾವಿ ಕಲೆ. ಅಲ್ಲಿನ ಲೆಕ್ಕಾಚಾರ ಬೇರೆ: ಸುಣ್ಣದ ಗಾರೆಯ ಗೋಡೆ ಹಸಿಯಾಗಿರುವಾಗಲೇ ಮೇಲೆ ಕಾವಿಮಣ್ಣಿನ ಕೆಂಪು ಪದರ ಕೊಟ್ಟು, ಚೂಪು ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರಗೆ ತೆಗೆಯುತ್ತಾರೆ. ಹೆಚ್ಚಾಗಿ ದೇವಸ್ಥಾನಗಳಲ್ಲಿ ಕಾಣುತ್ತದೆ, ಸ್ಥಿತಿವಂತರ ಹಳೆಯ ಮನೆಗಳಲ್ಲೂ ಅಲ್ಲಲ್ಲಿ ಉಂಟು. ಇನ್ನು ಗೋಡೆಯ ಬುಡಕ್ಕೆ ಒಂದು ಮೊಳ ಎತ್ತರದ ಜಾಜಿನ ಪಟ್ಟಿ, ಮೇಲೆ ಸುಣ್ಣದ ಬಿಳಿ. ಇದು ಬಯಲುಸೀಮೆಯಲ್ಲಿ ಕಾಣದ ಊರೇ ಇಲ್ಲ. ನೆಲ ಸಾರಿಸುವಾಗ ಸಿಡಿದ ಕೆಸರು ಆ ಪಟ್ಟಿಯ ಮೇಲೆ ಕಾಣುವುದಿಲ್ಲ. ಅಂದಕ್ಕೂ ಆಯಿತು, ಉಪಯೋಗಕ್ಕೂ ಆಯಿತು.

ಇವೆಲ್ಲದರಲ್ಲೂ ಒಂದು ಸಂಗತಿ ಗಮನಿಸಿ. ಎಲ್ಲ ಕೆಂಪೂ ಮಣ್ಣಿನ ಕೆಂಪು. ಅಂದರೆ ಕಬ್ಬಿಣದ ಕೆಂಪು. ಕಬ್ಬಿಣಕ್ಕೆ ಆಮ್ಲಜನಕ ಸೇರಿ ಆಗುವ ಆಕ್ಸೈಡು, ಖನಿಜದ ಭಾಷೆಯಲ್ಲಿ ಹೆಮಟೈಟ್. ಸಂಡೂರಿನ ಗುಡ್ಡಗಳಲ್ಲಿ ಇರುವುದೂ ಅದೇ, ಕರಾವಳಿಯ ಮುರಕಲ್ಲಿಗೆ ಬಣ್ಣ ಕೊಟ್ಟದ್ದೂ ಅದೇ, ಮಂಗಳೂರು ಹಂಚು ಆವಿಗೆಯಿಂದ ಕೆಂಪಾಗಿ ಹೊರಬರುವುದಕ್ಕೂ ಅದೇ ಕಾರಣ. ಈ ಕೆಂಪಿನ ಗುಣ ಏನೆಂದರೆ ಅದು ಆಗಲೇ ತುಕ್ಕು ಹಿಡಿದು ಮುಗಿಸಿದೆ; ಇನ್ನು ಕೆಡಲಿಕ್ಕೆ ಏನೂ ಉಳಿದಿಲ್ಲ. ಬಿಸಿಲಿಗೆ ಮಾಸುವುದಿಲ್ಲ, ಸುಣ್ಣದ ಖಾರಕ್ಕೆ ಸುಡುವುದಿಲ್ಲ, ಕೆಳಗಿನದನ್ನು ಚೆನ್ನಾಗಿ ಮುಚ್ಚುತ್ತದೆ, ಬೆಲೆಯೂ ಕಡಿಮೆ.

ಇದರ ಎದುರಿಗೆ ಇನ್ನೊಂದು ಕೆಂಪು ಇದೆ, ಉಜ್ವಲವಾದದ್ದು, ರಕ್ತದಂಥದ್ದು. ಅದರ ಕಥೆ ಕೇಳಬೇಕಾದರೆ ರೋಮಿಗೆ ಹೋಗಬೇಕು. ಮನೆಯೊಳಗಿನ ಗೋಡೆಗೆ ಕಡುಗೆಂಪು ಬಳಿಯುವ ಹುಚ್ಚು ಅಲ್ಲಿಯವರಿಗೆ ಇದ್ದಷ್ಟು ಇನ್ನಾರಿಗೂ ಇರಲಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಬೂದಿಯಲ್ಲಿ ಹೂತುಹಾಕಿದ ಪಾಂಪೇ ನಗರದ ಮನೆಗಳಲ್ಲಿ ಆ ಗೋಡೆಗಳು ಇಂದಿಗೂ ಇವೆ. ಅಲ್ಲಿ 'ರಹಸ್ಯಗಳ ಮನೆ' ಎಂದು ಹೆಸರಾದ ಒಂದು ಮಹಲಿನ ಕೋಣೆಯಲ್ಲಿ, ಕೆಂಪು ಹಿನ್ನೆಲೆಯ ಮೇಲೆ ಆಳೆತ್ತರದ ಚಿತ್ರಗಳು ಸುತ್ತಲೂ ನಿಂತಿವೆ. ಆ ಕೆಂಪಿಗೆ ಜಗತ್ತೆಲ್ಲ 'ಪಾಂಪೇ ಕೆಂಪು' ಎಂದೇ ಹೆಸರಿಟ್ಟಿದೆ.

ರೋಮಿನ ಸಾಹುಕಾರರಿಗೆ ಮಣ್ಣಿನ ಕೆಂಪು ಸಾಲದಾಯಿತು. ಅವರಿಗೆ ಇಂಗಳೀಕ ಬೇಕು, ಪಾದರಸ ಮತ್ತು ಗಂಧಕ ಸೇರಿದ ಖನಿಜ. ಸ್ಪೇನಿನ ಗಣಿಗಳಿಂದ ಬರುತ್ತಿತ್ತು. ಅದರ ಬೆಲೆ ಕೈಮೀರಬಾರದೆಂದು ಒಂದು ಪೌಂಡಿಗೆ 70 ಸೆಸ್ಟರ್ಸ್ ನಾಣ್ಯ ಎಂದು ಕಾನೂನೇ ಮಿತಿ ಹಾಕಿತ್ತು ಎಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಬಣ್ಣ ಅಷ್ಟು ದುಬಾರಿಯಾದ್ದರಿಂದ ಮನೆಯ ಮಾಲೀಕನೇ ತಂದುಕೊಡಬೇಕು. ಬಣ್ಣದವರು ಅದರಲ್ಲೂ ಒಂದು ದಾರಿ ಕಂಡುಕೊಂಡಿದ್ದರು. ತುಂಬಿದ ಕುಂಚವನ್ನು ಮತ್ತೆ ಮತ್ತೆ ನೀರಿನಲ್ಲಿ ತೊಳೆಯುವುದು. ಬಣ್ಣ ತಳಕ್ಕೆ ಇಳಿಯುತ್ತದೆ, ಸಂಜೆ ಆ ಪಾತ್ರೆ ತಮ್ಮ ಮನೆಗೆ. ಇದನ್ನೂ ಪ್ಲಿನಿಯೇ ಹೇಳುವುದು. ಎರಡು ಸಾವಿರ ವರ್ಷದಲ್ಲಿ ಈ ವಿಷಯದಲ್ಲಿ ಮನುಷ್ಯ ಬಹಳ ಬದಲಾದಂತೆ ಕಾಣುವುದಿಲ್ಲ.

ಕ್ರಿಸ್ತಪೂರ್ವ 1ನೇ ಶತಮಾನದ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದಲ್ಲಿ ಫಬೇರಿಯಸ್ ಎಂಬ ಗುಮಾಸ್ತನ ಪ್ರಸಂಗ ದಾಖಲಿಸಿದ್ದಾನೆ. ಈತ ರೋಮಿನ ಅವೆಂಟೈನ್ ಗುಡ್ಡದ ಮೇಲಿನ ತನ್ನ ಮನೆ ಚಂದವಾಗಬೇಕೆಂದು ನಡುಅಂಗಳದ ಸುತ್ತಲಿನ ಗೋಡೆಗೆಲ್ಲ ಇಂಗಳೀಕ ಬಳಿಸಿದ. ಮೂವತ್ತು ದಿನ ಕಳೆಯುವುದರೊಳಗೆ ಬಣ್ಣ ಕೆಟ್ಟು ಚುಕ್ಕೆ ಚುಕ್ಕೆಯಾಗಿ ಅಸಹ್ಯವಾಯಿತು. ಬೇರೆ ಬಣ್ಣ ಹೊಡೆಸುವುದಕ್ಕೆ ಮತ್ತೆ ಗುತ್ತಿಗೆ ಕೊಡಬೇಕಾಯಿತು. ಕಾರಣ ಇಷ್ಟೇ: ಇಂಗಳೀಕ ಬಿಸಿಲು ಬೀಳುವ ಕಡೆ ಕಪ್ಪಾಗುತ್ತದೆ. ಮುಚ್ಚಿದ ಕೋಣೆಯ ಒಳಗಾದರೆ ನಿಲ್ಲುತ್ತದೆ. ಬಯಲಲ್ಲಿ ಬಳಿಯಲೇಬೇಕಾದರೆ ಗೋಡೆ ಆರಿದ ಮೇಲೆ ಬಿಳುಪು ಮಾಡಿದ ಮೇಣಕ್ಕೆ ಸ್ವಲ್ಪ ಎಣ್ಣೆ ಸೇರಿಸಿ ಕರಗಿಸಿ ಹಚ್ಚಿ, ಕೆಂಡದ ಬಾಂಡಲಿ ಹತ್ತಿರ ಹಿಡಿದು ಕಾಯಿಸಿ, ಬಟ್ಟೆಯಿಂದ ಉಜ್ಜಿ ಎಂದು ವಿಟ್ರೂವಿಯಸ್ ಉಪಾಯ ಹೇಳುತ್ತಾನೆ. ಫಬೇರಿಯಸ್ ಯಾವ ಬಣ್ಣ ಚಂದ ಎಂದು ಕೇಳಿದ್ದ, ತನ್ನ ಗೋಡೆಗೆ ಎಷ್ಟು ಬಿಸಿಲು ಬೀಳುತ್ತದೆ ಎಂದು ಕೇಳಿರಲಿಲ್ಲ. ನಮ್ಮ ಕಾಲದ ಫಬೇರಿಯಸ್‌ಗಳೂ ಕೇಳುವುದಿಲ್ಲ.

ಪಾಂಪೇಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯ ಉಂಟು. ಅಲ್ಲಿನ ಕೆಂಪು ಗೋಡೆಗಳಲ್ಲಿ ಕೆಲವು ಮೊದಲು ಹಳದಿಯಾಗಿದ್ದವು, ಜ್ವಾಲಾಮುಖಿಯ ಬಿಸಿ ಅನಿಲದಿಂದ ಕೆಂಪಾದವು ಎಂದು 2011ರಲ್ಲಿ ಇಟಲಿಯ ಸಂಶೋಧಕರು ತೋರಿಸಿದರು. ಹಳದಿ ಮಣ್ಣನ್ನು ಕಾಯಿಸಿದರೆ ಅದರಲ್ಲಿ ಸೇರಿಕೊಂಡ ನೀರು ಹೋಗಿ ಕೆಮ್ಮಣ್ಣಾಗುತ್ತದೆ. ಇದು ನಮ್ಮ ಕುಂಬಾರರಿಗೆ ಹೊಸ ಸಂಗತಿಯೇನಲ್ಲ. ಅಂತೂ ಒಂದು ಊರು ಸುಟ್ಟ ಗುರುತನ್ನು ಯುರೋಪಿನವರು ಅಲಂಕಾರ ಎಂದುಕೊಂಡು ತಮ್ಮ ಊಟದ ಮನೆಗಳಿಗೆ ಬಳಿದುಕೊಂಡರು.

ಹಾಗೆ ಬಳಿದುಕೊಂಡವರಲ್ಲಿ ಲಂಡನ್ನಿನ ವಾಸ್ತುಶಿಲ್ಪಿ ಸರ್ ಜಾನ್ ಸೋನ್ ಒಬ್ಬ. ಯುವಕನಾಗಿದ್ದಾಗ, 1779ರಲ್ಲಿ ಪಾಂಪೇ ನೋಡಿ ಬಂದವ. ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿರುವ ಅವನ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿ ಪುಸ್ತಕದ ಕೋಣೆ ಮತ್ತು ಊಟದ ಕೋಣೆ ಸೇರಿ ಒಂದೇ. ಅದರ ಗೋಡೆಯೆಲ್ಲ ಪಾಂಪೇ ಕೆಂಪು. ಲಂಡನ್ನಿನ ಮಂಕು ಹಗಲಿನಲ್ಲಿ ಇಂಥ ಕೋಣೆ ಗವಿಯಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಸೋನ್ ಬಣ್ಣಕ್ಕಿಂತ ಬೆಳಕಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡವ. ಕಿಟಕಿಗಳ ನಡುವೆ ಕನ್ನಡಿ, ಕಪಾಟುಗಳ ಮೇಲೆ ಕನ್ನಡಿ. ಬಂದ ಚೂರು ಬೆಳಕನ್ನೂ ಎರಡು ಮೂರು ಸಲ ಕೆಲಸಕ್ಕೆ ಹಚ್ಚಿದ. ರಾತ್ರಿ ಮೇಣದಬತ್ತಿ ಹಚ್ಚಿದರಂತೂ ಆ ಕೆಂಪು ಕೆಂಡದ ಹಾಗೆ ಜೀವ ಪಡೆಯುತ್ತಿದ್ದಿರಬೇಕು.

ಈ ಮೇಣದಬತ್ತಿಯ ಮಾತಿನಲ್ಲೇ ಗುಟ್ಟು ಇದೆ. ಮೇಣದಬತ್ತಿ, ಹರಳೆಣ್ಣೆಯ ಹಣತೆ, ಸೀಮೆಎಣ್ಣೆಯ ಲಾಟೀನು, ಹಳೆಯ ತಂತಿಬಲ್ಬು, ಇವೆಲ್ಲ ಬಿಸಿಯಿಂದ ಬೆಳಗುವ ದೀಪಗಳು. ಅವುಗಳ ಬೆಳಕಿನಲ್ಲಿ ಕೆಂಪು ಪಾಲು ಧಾರಾಳ. ರೋಮಿನ ಕೋಣೆಯಾಗಲಿ, ಹಸೆಗೋಡೆಯಾಗಲಿ, ನಮ್ಮ ಗಾರೆ ನೆಲವಾಗಲಿ, ಕತ್ತಲಾದ ಮೇಲೆ ಅವನ್ನು ಜನ ನೋಡಿದ್ದು ಇಂಥ ದೀಪದಲ್ಲಿ. ಗೋಡೆ ಎಂದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ತಾನು ಹೀರದ ಪಾಲನ್ನು ಹಿಂದಕ್ಕೆ ಕೊಡುವ ವಸ್ತು. ಬಿದ್ದ ಬೆಳಕಿನಲ್ಲೇ ಕೆಂಪು ಇಲ್ಲದಿದ್ದರೆ ಕೆಂಪು ಗೋಡೆ ಏನನ್ನು ಹಿಂದಿರುಗಿಸಬೇಕು? ನಮ್ಮ ಮನೆಗಳಿಗೆ ಟ್ಯೂಬ್‌ಲೈಟ್ ಬಂತು, ಈಗ ಅದರ ಜಾಗಕ್ಕೆ ಬಿಳಿ ಎಲ್ಇಡಿ ಬಂದಿದೆ. ಡಬ್ಬದ ಮೇಲೆ 6500 ಕೆಲ್ವಿನ್ ಎಂದು ಬರೆದಿರುತ್ತದಲ್ಲ, ಆ ನೀಲಿಬಿಳಿ ದೀಪ. ಅದರಡಿಯಲ್ಲಿ ಕಡುಗೆಂಪು ಗೋಡೆ ಒಣಗಿದ ಕಂದು ಬಣ್ಣಕ್ಕೆ ಇಳಿಯುತ್ತದೆ. ಗೃಹಪ್ರವೇಶಕ್ಕೆ ಬಂದವರು, "ಏನ್ರೀ, ಬ್ರೌನ್ ಹೊಡೆಸಿದೀರಾ?" ಎಂದು ಕೇಳುವುದು ಅದಕ್ಕೇ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ದೀಪದ ಡಬ್ಬದ ಮೇಲೆ ಸಿಆರ್‌ಐ ಎಂದು ಒಂದು ಅಂಕಿ ಇರುತ್ತದೆ. ಆ ದೀಪದಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದಕ್ಕೆ ನೂರಕ್ಕೆ ಹಾಕಿದ ಅಂಕ ಅದು. 80 ಎಂದಿದ್ದರೆ ಪಾಸಾಯಿತು ಎಂದು ನಾವು ತರುತ್ತೇವೆ. ಆದರೆ ಈ ಸರಾಸರಿ ಲೆಕ್ಕ ಹಾಕುವುದು ಎಂಟು ತಿಳಿಬಣ್ಣಗಳ ಮೇಲೆ. ಒಂಬತ್ತನೆಯದು ಕಡುಗೆಂಪು, ಆರ್9 ಎಂದು ಅದರ ಗುರುತು. ಅದು ಸರಾಸರಿಗೆ ಸೇರುವುದೇ ಇಲ್ಲ. ಹಾಗಾಗಿ ಒಂದು ದೀಪ 80 ಅಂಕ ಪಡೆದು, ಕೆಂಪಿನ ವಿಷಯದಲ್ಲಿ ಸೊನ್ನೆಯ ಹತ್ತಿರ ಇರಬಹುದು. ಕೆಂಪು ಗೋಡೆ ಮಾಡಿಸುವವರು 2700ರಿಂದ 3000 ಕೆಲ್ವಿನ್ ಇರುವ ಹಳದಿಛಾಯೆಯ ದೀಪ, ಸಿಆರ್‌ಐ 90ಕ್ಕೆ ಮೇಲಿರುವುದು, ಇದನ್ನೇ ಕೇಳಿ ತರಬೇಕು. ಬಣ್ಣಕ್ಕೆ ಸಾವಿರಗಟ್ಟಲೆ ಸುರಿದು ದೀಪಕ್ಕೆ ಜಿಪುಣತನ ಮಾಡಿದರೆ ಹಣ ಗೋಡೆಗೆ ಬಳಿದ ಹಾಗೆಯೇ ಸರಿ.

ಮತ್ತೊಂದು ಸೂಕ್ಷ್ಮ. 19ನೇ ಶತಮಾನದ ಆರಂಭದಲ್ಲಿ ಜೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಮುಂಜಾನೆಯ ಮಬ್ಬಿನಲ್ಲಿ ಹೂಗಿಡ ನೋಡುತ್ತ ಒಂದು ವಿಚಿತ್ರ ಗುರುತಿಸಿದ. ಹಗಲಿನಲ್ಲಿ ಝಗ್ಗೆನ್ನುವ ಕೆಂಪು ಹೂ ಮಬ್ಬಿನಲ್ಲಿ ಕಪ್ಪಾಗಿ ಕಾಣುತ್ತದೆ, ಹಸಿರು ಎಲೆ ಅದಕ್ಕಿಂತ ಬೆಳ್ಳಗೆ ಕಾಣುತ್ತದೆ. ಬೆಳಕು ಕುಗ್ಗಿದಾಗ ನಮ್ಮ ಕಣ್ಣಿನಲ್ಲಿ ಕೆಲಸಕ್ಕೆ ಇಳಿಯುವ ಕಣಗಳಿಗೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆದ್ದರಿಂದ ಸಂಜೆ ದೀಪ ಹಚ್ಚುವ ಮುಂಚಿನ ಹೊತ್ತಿನಲ್ಲಿ ಮನೆಯಲ್ಲಿ ಮೊದಲು ಕಪ್ಪಾಗುವ ಗೋಡೆ ಕೆಂಪು ಗೋಡೆ. ಕರೆಂಟು ಹೋಗಿ ಮೊಬೈಲಿನ ಬೆಳಕು ಒಂದೇ ಉಳಿದಾಗ ಕೋಣೆ ಗವಿಯಾಯಿತು ಎಂದು ಅತ್ತೆ ಗೊಣಗಿದರೆ, ಅವರ ಕಣ್ಣು ಸರಿಯಾಗಿಯೇ ಇದೆ ಎಂದು ತಿಳಿಯಿರಿ.

ಅಳತೆಯಲ್ಲಿ ಹೇಳುವುದಾದರೆ, ಒಳ್ಳೆಯ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಹಿಂದಕ್ಕೆ ಕೊಡುತ್ತದೆ. ಕಡುಗೆಂಪು ಕೊಡುವುದು ಹತ್ತರ ಆಸುಪಾಸು. ನಾಲ್ಕೂ ಗೋಡೆ ಕೆಂಪಾದರೆ ದೀಪವನ್ನೂ ಹೆಚ್ಚಿಸಬೇಕು. ಜೊತೆಗೆ ಮರಳಿ ಬರುವ ಆ ಚೂರು ಬೆಳಕು ಕೆಂಪಾಗಿರುವುದರಿಂದ ಸೂರು, ಎದುರುಗೋಡೆ, ಕೂತವರ ಮುಖ, ಎಲ್ಲಕ್ಕೂ ಆ ಛಾಯೆ ಹತ್ತುತ್ತದೆ. ಸಂಜೆಯ ಹಳದಿ ದೀಪದಲ್ಲಿ ಅದು ಮುಖಕ್ಕೆ ಕಳೆ ಕೊಡುತ್ತದೆ, ನಿಜ. ಅದೇ ಕೋಣೆಯಲ್ಲಿ ಹಗಲು ಕೂತು ಹೊಲಿಗೆ ಮಾಡುವವರಿಗೆ ದಾರದ ಬಣ್ಣ ಗುರುತಿಸುವುದು ಕಷ್ಟ.

ಈಗ ಬಣ್ಣದ ಕೆಲಸಕ್ಕೆ ಬರೋಣ. ಕೆಂಪು ಬಣ್ಣ ಹೊಡೆಯುವುದು ಬಣ್ಣದವರಿಗೆ ಇಷ್ಟವಿಲ್ಲದ ಕೆಲಸ, ಅದಕ್ಕೆ ಕಾರಣ ಉಂಟು. ತಿಳಿಬಣ್ಣದ ಡಬ್ಬಿಯಲ್ಲಿ ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿಪುಡಿ ತುಂಬಿರುತ್ತದೆ. ಹಳೆಯ ಕಲೆಯನ್ನು ಮುಚ್ಚುವುದು ಅದೇ. ಕಡುಬಣ್ಣಕ್ಕೆ ಆ ಬಿಳಿ ಹಾಕಿದರೆ ಕೆಂಪು ಗುಲಾಬಿಯಾಗಿಬಿಡುತ್ತದೆ, ಆದ್ದರಿಂದ ಹಾಕುವಂತಿಲ್ಲ. ಇನ್ನು ಉಜ್ವಲ ಕೆಂಪಿಗೆ ಬಳಸುವ ರಾಸಾಯನಿಕ ವರ್ಣಗಳು ಗಾಜಿನ ಗುಣದವು, ಕೆಳಗಿನದು ತೋರುತ್ತಲೇ ಇರುತ್ತದೆ. ಎರಡು ಕೋಟು ಬಣ್ಣಕ್ಕೆ ಮಾತಾಡಿ ಬಂದ ಪೇಂಟರ್ ನಾಲ್ಕನೆಯ ಕೋಟು ಆದ ಮೇಲೂ ಗೋಡೆ ತೇಪೆ ತೇಪೆಯಾಗಿ ಕಾಣುವುದನ್ನು ನೋಡಿ ನಿಮ್ಮ ಮುಖ ನೋಡುತ್ತಾನೆ. ಇದಕ್ಕೆ ಉಪಾಯ ಒಂದೇ: ಬಿಳಿ ಪ್ರೈಮರ್ ಮೇಲೆ ನೇರವಾಗಿ ಕೆಂಪು ಹೊಡೆಸಬೇಡಿ. ಪ್ರೈಮರಿಗೋ ಮೊದಲ ಕೋಟಿಗೋ ನಸುಬೂದು ಬಣ್ಣ ಬೆರೆಸಿ. ಬೂದುಬಣ್ಣದ ಮೇಲೆ ಕೆಂಪು ಬೇಗ ತುಂಬಿಕೊಳ್ಳುತ್ತದೆ. ಕೆಲವರು ತಿಳಿಗುಲಾಬಿ ಬಳಿಯುತ್ತಾರೆ. ನನಗೆ ಬೂದುಬಣ್ಣವೇ ಮೇಲು ಅನ್ನಿಸುತ್ತದೆ.

ಪಟ್ಟಿಯಲ್ಲಿ ಇಟ್ಟಿಗೆ ಕೆಂಪು, ಕಾವಿ ಕೆಂಪು, ಜಂಬಿಟ್ಟಿಗೆ ಕೆಂಪು ಇಂಥ ಮಣ್ಣಿನ ಛಾಯೆಗಳು ಇರುತ್ತವಲ್ಲ, ಅವುಗಳಲ್ಲಿ ಬಹುಪಾಲು ಕಬ್ಬಿಣದ ಆಕ್ಸೈಡು ಇರುತ್ತದೆ. ಅವು ಚೆನ್ನಾಗಿ ಮುಚ್ಚುತ್ತವೆ, ವರ್ಷ ಕಳೆದರೂ ನಿಲ್ಲುತ್ತವೆ. ಹೊಸ ಗಾರೆಯ ಕ್ಷಾರಕ್ಕೂ ಜಗ್ಗುವುದಿಲ್ಲ. ಉಜ್ವಲ ಕೆಂಪುಗಳಲ್ಲಿ ಹಲವು ಹೊಸ ಸಿಮೆಂಟಿನ ಕ್ಷಾರಕ್ಕೆ ಸಿಕ್ಕಿ ಬಿಳಿಚಿಕೊಳ್ಳುತ್ತವೆ. ಹೊಸ ಮನೆಯಾದರೆ ಗಾರೆ ಒಣಗಲು ಕಡೇಪಕ್ಷ ಒಂದು ತಿಂಗಳಾದರೂ ಬಿಡಿ. ಮಲೆನಾಡಿನಲ್ಲಾದರೆ ಒಂದು ಬೇಸಿಗೆಯೇ ಕಳೆಯಲಿ. ಗೋಡೆಯಲ್ಲಿ ತೇವ ಇದ್ದರೆ ಕೆಂಪಿನ ಮಾತೇ ಬೇಡ. ಬಿಳಿ ಗೋಡೆ ಉಪ್ಪು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಕೆಂಪು ಗೋಡೆ ಉಪ್ಪು ಬಿಟ್ಟರೆ ಬೀದಿಗೆಲ್ಲ ಗೊತ್ತಾಗುತ್ತದೆ.

ಡಿಸ್ಟೆಂಪರಿನಲ್ಲಿ ಕಡುಗೆಂಪು ಮಾಡಿಸಬೇಡಿ, ಒರಗಿ ಕೂತವರ ಬೆನ್ನಿಗೆಲ್ಲ ಹತ್ತುತ್ತದೆ. ಎಮಲ್ಷನ್ನೇ ಇರಲಿ. ಬೇಕಾದಷ್ಟು ಬಣ್ಣವನ್ನು ಒಂದೇ ಸಲ ತಂದು, ಎಲ್ಲ ಡಬ್ಬಿಯನ್ನೂ ಒಂದು ದೊಡ್ಡ ಬಕೆಟ್ಟಿನಲ್ಲಿ ಕಲಸಿಕೊಳ್ಳಲಿ. ಆಮೇಲೆ ತಂದ ಡಬ್ಬಿಯ ಕೆಂಪು ಮೊದಲಿನದಕ್ಕೆ ಕೂಡುವುದು ಅಪರೂಪ. ಒಂದು ಗೋಡೆ ಹಿಡಿದರೆ ಅಂಚು ಆರುವುದರೊಳಗೆ ಮುಗಿಸಬೇಕು. ಊಟಕ್ಕೆ ಎದ್ದು ಹೋಗಿ ಬಂದರೆ ಆ ಗೆರೆ ಹಾಗೇ ಉಳಿಯುತ್ತದೆ. ತುಂಬ ಹೊಳಪಿನ ಬಣ್ಣ ಗೋಡೆಯ ಏರುತಗ್ಗನ್ನೆಲ್ಲ ಎತ್ತಿ ತೋರಿಸುತ್ತದೆ, ಹೊಳಪೇ ಇಲ್ಲದ್ದರ ಮೇಲೆ ಕೈ ಸೋಕಿದರೂ ಗುರುತು. ನಡುವಿನದು ಒಳ್ಳೆಯದು.

ಒಂದು ಎಚ್ಚರಿಕೆ, ಇದನ್ನು ಮರೆಯಬಾರದು. ಹಳೆಯ ಮನೆಗಳ ಬಾಗಿಲು, ಕಿಟಕಿ, ಸರಳುಗಳಿಗೆ ಹೊಡೆದ ಎಣ್ಣೆಬಣ್ಣದಲ್ಲಿ ಸೀಸ ಇರುತ್ತಿತ್ತು. ಕೆಂಪು, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಹೆಚ್ಚು. ನಮ್ಮ ದೇಶದಲ್ಲಿ 2016ರಲ್ಲಿ ನಿಯಮ ಬಂದು, 2017ರ ನವೆಂಬರಿನಿಂದ ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂದು ಆಯಿತು. ಅದಕ್ಕಿಂತ ಹಿಂದಿನ ಕೆಂಪು ಎನಾಮಲ್ಲನ್ನು ಒಣಗಿದ ಹಾಗೇ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ಕೇಡು. ನೀರು ಹಚ್ಚಿ ಉಜ್ಜಿಸಿ. ಆ ದಿನ ಮಕ್ಕಳೂ ಬಸುರಿಯರೂ ಬೇರೆ ಮನೆಯಲ್ಲಿರಲಿ, ಕೆಲಸದವರಿಗೆ ಒಳ್ಳೆಯ ಮುಖಗವಸು ಕೊಡಿ, ಧೂಳನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಿ ತೆಗೆಸಿ.

ಕೆಂಪು ಎಲ್ಲಿ ಬೇಕು, ಎಲ್ಲಿ ಬೇಡ? ನನ್ನ ತೀರ್ಪು ಹೀಗೆ. ರಾತ್ರಿ ಹೆಚ್ಚು ಬಳಸುವ ಕೋಣೆಗೆ ಕೆಂಪು ಒಪ್ಪುತ್ತದೆ: ಊಟದ ಕೋಣೆ, ಪುಸ್ತಕದ ಕೋಣೆ, ಒಳಗೆ ಹೋಗುವ ಓಣಿ. ಓಣಿಯಲ್ಲಿ ಯಾರೂ ನಿಲ್ಲುವುದಿಲ್ಲ, ದಾಟಿ ಹೋಗುತ್ತಾರೆ, ಆದ್ದರಿಂದ ಅಲ್ಲಿ ಎಷ್ಟು ಗಾಢವಾದರೂ ಸಹ್ಯ. ಎಲ್ಲಕ್ಕಿಂತ ಚೆನ್ನಾಗಿ ಒಪ್ಪುವುದು ದೇವರ ಕೋಣೆಗೆ. ಪುಟ್ಟ ಜಾಗ, ಎಣ್ಣೆದೀಪ, ಹಿತ್ತಾಳೆ. ಕೆಂಪಿಗೆ ಬೇಕಾದ ಬೆಳಕು ಅಲ್ಲಿ ತಾನಾಗಿಯೇ ಇದೆ. ಮಲಗುವ ಕೋಣೆಯಲ್ಲಿ ತಲೆದಿಂಬಿನ ಹಿಂದಿನ ಗೋಡೆಗೆ ಇರಬಹುದು, ಮಲಗಿದವರಿಗೆ ಅದು ಕಾಣುವುದಿಲ್ಲವಲ್ಲ. ಅಡಿಗೆಮನೆಗೆ ಬೇಡ, ಬೇಳೆಯಲ್ಲಿ ಕಲ್ಲು ಆರಿಸುವ ಜಾಗ ಬೆಳ್ಳಗಿರಬೇಕು. ಪಶ್ಚಿಮದ ಬಿಸಿಲು ನೇರ ಬೀಳುವ ಗೋಡೆಗೂ ಬೇಡ, ಉಜ್ವಲ ಕೆಂಪಾದರೆ ಮಾಸುತ್ತದೆ. ಆಗ್ನೇಯಕ್ಕೆ ಕೆಂಪು ಶುಭ, ಈಶಾನ್ಯಕ್ಕೆ ಅಶುಭ ಎಂದು ಹೇಳುವವರಿದ್ದಾರೆ. ಅವರನ್ನು ಕೇಳುವ ಮೊದಲು ಕಿಟಕಿ ಯಾವ ದಿಕ್ಕಿಗಿದೆ ನೋಡಿ ಎಂದಷ್ಟೇ ನಾನು ಹೇಳಬಲ್ಲೆ. ಕೆಂಪು ಗೋಡೆ ನೋಡಿದರೆ ರಕ್ತದೊತ್ತಡ ಏರುತ್ತದೆ, ಮನೆಯಲ್ಲಿ ಜಗಳ ಹುಟ್ಟುತ್ತದೆ ಎಂಬುದನ್ನಂತೂ ನಾನು ನಂಬುವುದಿಲ್ಲ. ಕ್ರೀಮ್ ಬಣ್ಣದ ಮನೆಗಳಲ್ಲಿ ನಡೆಯುವ ಜಗಳಗಳನ್ನು ನಾವೆಲ್ಲ ಕೇಳಿದ್ದೇವೆ.

ಕೆಂಪಿನ ಪಕ್ಕಕ್ಕೆ ಎಂಥ ಬಿಳಿ ಎಂಬುದೂ ಮುಖ್ಯ. ಕೆಂಪನ್ನು ಒಂದೇ ಸಮ ನೋಡಿದ ಕಣ್ಣಿಗೆ ಆಮೇಲೆ ಬಿಳಿ ಹಸಿರು ತಿರುಗಿದ ಹಾಗೆ ಕಾಣುತ್ತದೆ. ಸುಣ್ಣಕ್ಕೆ ನೀಲಿ ಬೆರೆಸುವ ನಮ್ಮ ಹಳೆಯ ಚಾಳಿಯಿಂದ ಬಂದ ನೀಲಿಬಿಳಿ ಅದರ ಪಕ್ಕದಲ್ಲಿ ಇನ್ನೂ ತಣ್ಣಗೆ, ಇನ್ನೂ ಕಳೆಗೆಟ್ಟು ಕಾಣುತ್ತದೆ. ಹಾಲಿನ ಬಿಳಿ, ಅಕ್ಕಿಹಿಟ್ಟಿನ ಬಿಳಿ ಇರಲಿ. ಚಿತ್ತಾರ ಬರೆಯುವ ಹೆಂಗಸರಿಗೆ ಇದು ಗೊತ್ತಿತ್ತು. ಬೀಟೆ, ತೇಗದ ಹಳೆಯ ಮರಕ್ಕೆ, ಹಿತ್ತಾಳೆ ತಾಮ್ರಕ್ಕೆ ಕಡುಗೆಂಪಿನಂಥ ಹಿನ್ನೆಲೆ ಬೇರೆ ಇಲ್ಲ. ಚಿನ್ನದ ರೇಕಿನ ಮೈಸೂರು ಚಿತ್ರವೊಂದು ಮನೆಯಲ್ಲಿದ್ದರೆ ಅದನ್ನು ಕ್ರೀಮ್ ಗೋಡೆಯಿಂದ ಇಳಿಸಿ ಕೆಂಪಿನ ಮೇಲೆ ತೂಗುಹಾಕಿ ನೋಡಿ. ಯುರೋಪಿನ ದೊಡ್ಡ ಚಿತ್ರಶಾಲೆಗಳು ಚಿನ್ನದ ಚೌಕಟ್ಟಿನ ಹಿಂದೆ ಕೆಂಪು ಬಟ್ಟೆ ಹೊದಿಸಿದ್ದು ಸುಮ್ಮನೆ ಅಲ್ಲ. ಒಂದೆರಡು ಹಸಿರು ಗಿಡವೂ ಇರಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಮರಗಳ ನಡುವೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಅಷ್ಟು ಹಿತವಾಗಿರುವುದಕ್ಕೆ ಸುತ್ತಲಿನ ಹಸಿರಿನ ಪಾಲು ದೊಡ್ಡದು.

ಬಾಡಿಗೆ ಮನೆಯವರು ಕೇಳಬಹುದು, ನಮ್ಮ ಗತಿ ಏನು ಎಂದು. ಕೆಂಪು ಹೊಡೆದ ಗೋಡೆಯನ್ನು ಮತ್ತೆ ಬಿಳಿ ಮಾಡಬೇಕಾದರೆ ಪ್ರೈಮರ್ ಸೇರಿ ಮೂರು ನಾಲ್ಕು ಕೋಟು ಬೇಕು, ಮಾಲೀಕರು ಅದನ್ನು ಮುಂಗಡದಲ್ಲಿ ಮುರಿದುಕೊಳ್ಳುತ್ತಾರೆ. ನಿಮಗೆ ಬಟ್ಟೆ ಇದೆ. ಗುಳೇದಗುಡ್ಡದ ಕೆಂಪು ಖಣ ನಾಲ್ಕೈದು ತುಂಡು ಜೋಡಿಸಿ ಹೊಲಿದು ಗೋಡೆಗೆ ಇಳಿಬಿಡಿ. ಉಡದೆ ಪೆಟ್ಟಿಗೆಯಲ್ಲಿಟ್ಟ ಇಳಕಲ್ ಸೀರೆ ಇದ್ದರೆ ಅದು ಒಳ್ಳೆಯ ಪರದೆಯಾಗುತ್ತದೆ. ಮನೆ ಬಿಡುವ ದಿನ ಮಡಿಸಿಕೊಂಡು ಹೋಗಬಹುದು.

ಗೋಡೆಗೇ ಬಣ್ಣ ಬೇಕು ಅನ್ನುವವರಲ್ಲಿ ನನ್ನದೊಂದು ವಿನಂತಿ. ಪಟ್ಟಿಯಲ್ಲಿರುವ ಬೆರಳಗಲದ ಚೌಕ ನೋಡಿ ತೀರ್ಮಾನ ಮಾಡಬೇಡಿ. ಮಾದರಿಗೆಂದು ಚಿಕ್ಕ ಡಬ್ಬಿ ತನ್ನಿ. ಎರಡಡಿ ಉದ್ದಗಲದ ರಟ್ಟಿಗೆ ಮೂರು ಸಲ ಬಳಿದು, ನೀವು ಬಯಸುವ ಗೋಡೆಗೆ ಒರಗಿಸಿಡಿ. ಬೆಳಗ್ಗೆ ನೋಡಿ, ಮಟಮಟ ಮಧ್ಯಾಹ್ನ ನೋಡಿ, ದೀಪ ಹಚ್ಚುವ ಮುಂಚೆ ನೋಡಿ, ಹಚ್ಚಿದ ಮೇಲೆ ನೋಡಿ. ಮನೆಯ ದೀಪ ಬದಲಿಸಿ ಇನ್ನೊಮ್ಮೆ ನೋಡಿ. ಒಂದು ವಾರ ಅದು ಅಲ್ಲೇ ಇರಲಿ. ಅಷ್ಟರ ಮೇಲೂ ಅತ್ತೆ ಸೊಸೆ ಇಬ್ಬರೂ ಒಪ್ಪಿದರೆ ಧೈರ್ಯವಾಗಿ ಹೊಡೆಸಿ. ಒಬ್ಬರೇ ಒಪ್ಪಿದರೆ ದೇವರ ಕೋಣೆಯಿಂದ ಶುರುಮಾಡಿ.